ಪರಿಯಾ ಅಂದ್ರ ನಾವು, ಬ್ರಾಹ್ಮಿನ್ ಅಂದ್ರ ಗಣ್ಯ: ಆದ್ರೂ ಆ ಡಿಕ್ಷನರಿ ಡಿಲೀಟ್ ಮಾಡಂಗಿಲ್ಲ



ಹೋದ ವಾರ ನಮ್ಮ ಗ್ರೂಪಿನೊಳಗೆ ಒಂದು ಜಗಳ ಆತು. ಹಚ್ಚಿದವನು ನಾನೇ, ಹಂಗಾಗಿ ಉತ್ತರಾನೂ ನಾನೇ ಬರೀಬೇಕು.

ನಮ್ಮ ಅಣ್ಣನ ಮಗಳು ಪಿಯುಸಿ ಎರಡನೇ ವರ್ಷ, ಹಾಸ್ಟೆಲಿನಾಗ ಇರ್ತಾಳ. ರಜೆಗೆ ಹತ್ತಿಮತ್ತೂರಿಗೆ ಬಂದಾಗ ನನ್ನ ಹಳೇ ಕಂಪ್ಯೂಟರ್ ಮುಂದ ಕೂತು ಇಂಗ್ಲಿಷ್ ಓದ್ತಾಳ. ಅದರಾಗ ವರ್ಡ್‌ವೆಬ್ ಹಾಕೀನಿ. ತಿಳೀಲಾರದ ಪದದ ಮೇಲೆ ಕಂಟ್ರೋಲ್ ಹಿಡಿದು ಮೌಸಿನ ಬಲಗಡೆ ಒತ್ತಿದರೆ ಅರ್ಥ, ಸಮಾನಾರ್ಥಕ ಪದ ಎಲ್ಲ ಬರ್ತಾವ. ನೆಟ್ ಬೇಕಾಗಿಲ್ಲ, ರೊಕ್ಕಾನೂ ಇಲ್ಲ. ಒಂದು ಷರತ್ತು ಮಾತ್ರ ಐತಿ: ಪರಿಸರದ ಕಾಳಜಿಗಾಗಿ, ವರ್ಷದಾಗ ಪದೇ ಪದೇ ವಿಮಾನ ಹತ್ತುವವರು ಅದನ್ನ ಪುಕ್ಕಟೆ ಬಳಸಂಗಿಲ್ಲ. ನಾನು ಈತನಕ ಹತ್ತಿದ್ದರಾಗ ಎಲ್ಲಕ್ಕಿಂತ ಎತ್ತರದ್ದು ಕಬ್ಬು ತುಂಬಿದ ಟ್ರ್ಯಾಕ್ಟರ್. ಷರತ್ತು ಮುರಿಯೋ ಭಯ ಇಲ್ಲ.

ಹುಡುಗಿ ಪೇಪರ್ ಓದುವಾಗ ಯಾವುದೋ ದೇಶವನ್ನು 'ಪರಿಯಾ' ಅಂತ ಬೈದಿದ್ದು ಬಂತು. ಒತ್ತಿ ನೋಡಿದಳು. ಸಮಾಜ ಹೊರಗೆ ಹಾಕಿದವನು, ಬಹಿಷ್ಕೃತ. "ಕಾಕಾ, ಇದು ನಮ್ಮ ಕಡೆಯ ಪದಾನ?" ಅಂದಳು. ಹೌದು ಅಂದೆ. ತಮಿಳಿನ ಪರೈ ಅಂದ್ರ ನಮ್ಮ ಹಲಗಿಯಂಥ ವಾದ್ಯ. ಅದನ್ನು ಬಾರಿಸುವ ಜನ ಪರೈಯರ್. ಅವರ ಹೆಸರನ್ನೇ ಇಂಗ್ಲಿಷಿನವರು ಬೈಗುಳ ಮಾಡಿಕೊಂಡರು. ಆಕಿ ಸುಮ್ಮನ ಕೂಡಲಿಲ್ಲ, ಬ್ರಾಹ್ಮಿನ್ ಅಂತ ಒತ್ತಿದಳು. ಅಲ್ಲಿ ಜಾತಿಯ ಅರ್ಥದ ಸಂಗಡ ಇನ್ನೊಂದು ಅರ್ಥ: ಸಮಾಜದ, ಸಂಸ್ಕೃತಿಯ ಗಣ್ಯ ವರ್ಗದವನು. 1860ರಲ್ಲಿ ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ ಅನ್ನೋ ಲೇಖಕ ತನ್ನ ಸೀಮೆಯ ಹಳೇ ಕುಲೀನ ಮನೆತನಗಳಿಗೆ ಈ ಹೆಸರಿಟ್ಟ. ಅದು ಅಲ್ಲೇ ಗಟ್ಟಿಯಾಗಿ ಕೂತಿತು.

ಎರಡೂ ಪದ ಈ ನೆಲದಿಂದಲೇ ಹಡಗು ಹತ್ತಿದವು. ಒಂದು ಅಲ್ಲಿ ಇಳಿದು ಶಾಲು ಹೊದ್ದುಕೊಂಡಿತು, ಇನ್ನೊಂದನ್ನು ಅಲ್ಲೂ ಊರ ಹೊರಗೇ ನಿಲ್ಲಿಸಿದರು. ಜಾತಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ ನೋಡ್ರಿ.

ಮುಂದೆ ಎರಡು ದಿನ ಹುಡುಗಿ ಕಂಪ್ಯೂಟರ್ ಮುಟ್ಟಲಿಲ್ಲ. ಇದನ್ನ ಗ್ರೂಪಿಗೆ ಹಾಕಿದ್ದಕ್ಕೆ ಒಬ್ಬ ಗೆಳೆಯರು, "ಅಂಥ ಸಾಫ್ಟ್‌ವೇರ್ ಯಾಕ ಇಟ್ಕೊಂಡೀರಿ, ತೆಗೆದು ಒಗೀರಿ" ಅಂದರು. ಇನ್ನೊಬ್ಬರು, "ಇಂಗ್ಲಿಷೇ ಬ್ಯಾಡ, ಕನ್ನಡ ಸಾಕು" ಅಂದರು. ಹೀಗಂದವರ ಮಕ್ಕಳು ಯಾವ ಮೀಡಿಯಮ್ಮಿನಾಗ ಓದ್ತಾರ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.

ಒಗೆದರೆ ಯಾರಿಗೆ ಲುಕ್ಸಾನು? ನಾನು ಬಿಎ ಮುಗಿಸಿ ಕ್ಲಾರ್ಕ್ ಆದ ಹೊಸದರಾಗ ಇಂಗ್ಲಿಷಿನಾಗ ಬರೆದ ಒಂದು ಟಿಪ್ಪಣಿ ಕೆಂಪು ಇಂಕಿನ ಗೀಟು ಹೊತ್ತು ವಾಪಸ್ ಬಂತು. "ಕೋಟಾ ಇಂಗ್ಲಿಷ್" ಅಂತ ನಗಾಡಿದ್ದು ಪಕ್ಕದ ಟೇಬಲ್ಲಿಗೂ ಕೇಳಿಸಿತು. ಮನೆಯಾಗ ಇಂಗ್ಲಿಷ್ ಬಲ್ಲ ಅಪ್ಪ, ಅಜ್ಜ ಇದ್ದವರಿಗೆ ಡಿಕ್ಷನರಿ ಇಲ್ಲದಿದ್ದರೂ ನಡೀತದ. ನಮಗೆ ಕೇಳಾಕ ಯಾರಿದ್ದರು? ರಾತ್ರಿ ಕೂತು ಒಂದೊಂದೇ ಪದ ಒತ್ತಿ ಒತ್ತಿ ಕಲಿತೆ. ಅದು ನನ್ನನ್ನ ನೋಡಿ ಒಮ್ಮೆಯೂ ನಗಲಿಲ್ಲ.

ಹಂಗಂತ ಅದಕ್ಕೆ ಕಾಯಿ ಒಡೆಯೋದೂ ಬ್ಯಾಡ. ವರ್ಡ್‌ವೆಬ್ಬಿಗೆ ಮೂಲ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಶುರುವಾದ ವರ್ಡ್‌ನೆಟ್ ಅನ್ನೋ ಪದಕೋಶ. ಅದರಲ್ಲಿ ಅಸ್ಪೃಶ್ಯ ಮತ್ತು ಹರಿಜನ ಒಂದೇ ಸಾಲಿನಲ್ಲಿವೆ. ಭಾರತದ ಅತಿ ಕೆಳಗಿನ ವರ್ಗಕ್ಕೆ 'ಸೇರಿದವರು' ಅಂತ ವಿವರಣೆ. ಸೇರಿದವರಂತೆ! ಸೇರಿಸಿದವರು ಯಾರು ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ. 1950ರಲ್ಲೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಜಾತಿ ಪ್ರಮಾಣಪತ್ರದಲ್ಲಿ ಹರಿಜನ ಅಂತ ಬರೀಬ್ಯಾಡ್ರಿ ಅಂತ ಕೇಂದ್ರ ಗೃಹ ಇಲಾಖೆ 1982ರಲ್ಲೇ ರಾಜ್ಯಗಳಿಗೆ ತಿಳಿಸಿತು. ಇವೆರಡೂ ಆ ವಿವರಣೆಯಲ್ಲಿಲ್ಲ.

ಬಾಬಾಸಾಹೇಬರು ಏನು ಮಾಡಿದರು ನೆನಪು ಮಾಡಿಕೊಳ್ರಿ. ಬುದ್ಧನ ಮಾತು ತಿಳಿಯಾಕ ಪಂಡಿತರ ಮನಿ ಬಾಗಿಲಿಗೆ ನಿಲ್ಲಲಿಲ್ಲ, ತಾವೇ ಪಾಲಿ ನಿಘಂಟು ಕಟ್ಟಿದರು. ಮಹಾರಾಷ್ಟ್ರ ಸರ್ಕಾರ ತಂದ ಅವರ ಬರಹಗಳ 16ನೇ ಸಂಪುಟ ಪೂರಾ ಪಾಲಿ ವ್ಯಾಕರಣ, ನಿಘಂಟು. ನಾವು ಜಯಂತಿಗೆ ಡಿಜೆ ಹಚ್ಚುತ್ತೇವೆ, ಆ ಸಂಪುಟ ತೆಗೆದು ನೋಡಿದವರು ಎಷ್ಟು ಮಂದಿ? (ನಾನೂ ನೋಡಿದ್ದು ತಡವಾಗಿಯೇ.) ಕನ್ನಡದಲ್ಲಿ ವಿ. ಕೃಷ್ಣ ಅನ್ನೋರು ಸುಮಾರು 40 ವರ್ಷ ಕೂತು 1.5 ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. 2019ರಿಂದ 'ಅಲರ್' ಅನ್ನೋ ಹೆಸರಿನಲ್ಲಿ ಅದು ಎಲ್ಲರಿಗೂ ಮುಕ್ತ. ಒಬ್ಬರಿಂದ ಇಷ್ಟು ಆಗಿದ್ದರೆ ನಮ್ಮ ಇಷ್ಟು ದೊಡ್ಡ ಗ್ರೂಪಿನಿಂದ ಹತ್ತು ಪದ ಆಗಂಗಿಲ್ಲೇನು?

ವರ್ಡ್‌ನೆಟ್‌ನದೂ ಒಂದು ಮುಕ್ತ ಆವೃತ್ತಿ ಈಗ ಐತಿ, ತಪ್ಪು ಕಂಡವರು ತಿದ್ದುಪಡಿ ಕಳಿಸಬಹುದು. ಆದ್ದರಿಂದ ನನ್ನ ಬೇಡಿಕೆ ಎರಡು. ಹಾಸ್ಟೆಲ್‌ಗಳ ಕಂಪ್ಯೂಟರ್ ಕೋಣೆಯ ಕೀಲಿ ತೆಗೆಸಿ, ನೆಟ್ ಇಲ್ಲದೆ ನಡೆಯೋ ಡಿಕ್ಷನರಿ ಹಾಕಿಸಬೇಕು. ಇದಕ್ಕೆ ಟೆಂಡರ್ ಬೇಕಾಗಿಲ್ಲ, ಒಂದು ಪೆನ್‌ಡ್ರೈವ್ ಸಾಕು. ಎರಡನೇದು, ನಮ್ಮ ಬಗ್ಗೆ ಇರೋ ಪದಗಳ ಅರ್ಥವನ್ನ ನಾವೇ ಬರೆದು ಕಳಿಸಬೇಕು.

ಮೂರನೇ ದಿನ ಹುಡುಗಿ ಮತ್ತೆ ಬಂದು ಕೂತಳು. ತನ್ನ ನೋಟ್‌ಬುಕ್ಕಿನಾಗ ಹಿಂಗ ಬರೆದಿದ್ದಳು: "ಪರಿಯಾ: ಪರೈ ಬಾರಿಸುವ ಜನರ ಹೆಸರು. ಇವರನ್ನು ಹೊರಗಿಟ್ಟವರು ಈ ಹೆಸರನ್ನು ಬೈಗುಳ ಮಾಡಿದರು." ಇದನ್ನು ಇಂಗ್ಲಿಷಿಗೆ ಇಳಿಸೀವಿ, ವ್ಯಾಕರಣ ಒಮ್ಮೆ ನೋಡಿಕೊಡುವವರು ಬೇಕು. ಬಲ್ಲವರು ಇನ್‌ಬಾಕ್ಸಿಗೆ ಬರ್ರಿ. ಭಾನುವಾರದೊಳಗ ಕಳಿಸಬೇಕು, ಸೋಮವಾರ ಆಕಿ ಹಾಸ್ಟೆಲಿಗೆ ಹೊರಡ್ತಾಳ.