ಮೊದಲು ಹೆಡ್ ಒರೆಸಿದ್ಯೇನಪ್ಪಾ?

ಲಿನಕ್ಸ್ ಬಳಸೋರೆಲ್ಲ ದಿನಾ ‘ಟಾರ್’ ಅಂತ ಟೈಪ್ ಮಾಡ್ತೀವಲ್ಲ, ಅದು ‘ಟೇಪ್ ಆರ್ಕೈವ್’ ಅನ್ನೋದರ ಚಿಕ್ಕ ರೂಪ. 1979ರಲ್ಲಿ ಯೂನಿಕ್ಸ್‌ನ ಏಳನೇ ಆವೃತ್ತಿ ಜೊತೆ ಬಂದ ಕಮಾಂಡ್. ಆದ್ರೆ ನಾನು ನಿಜವಾದ ಟೇಪ್ ಎದುರು ನಿಂತಿದ್ದು ಮೊನ್ನೆ ಮೊನ್ನೆ.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ. ಹಳೇ ಯೂನಿಕ್ಸ್ ಸರ್ವರ್, ಅದಕ್ಕೆ ಸ್ಕಸಿ ಕೇಬಲ್‌ನಲ್ಲಿ ಜೋಡಿಸಿದ ರೀಲ್ ಟೇಪ್ ಡ್ರೈವ್. ಊಟದ ತಟ್ಟೆಯಷ್ಟು ಅಗಲದ ರೀಲ್, ಅರ್ಧ ಇಂಚಿನ ಟೇಪ್, 2400 ಅಡಿ ಉದ್ದ. ಇಂಚಿಗೆ 1600 ಬೈಟ್‌ನಂತೆ ಬರೆದರೂ ಹಿಡಿಸೋದು 46 ಎಂಬಿ ದಾಟಲ್ಲ. ನಿಮ್ಮ ಫೋನಿನಲ್ಲಿರೋ ಒಂದು ಮದುವೆ ವಿಡಿಯೋನೇ ಇದಕ್ಕಿಂತ ದೊಡ್ಡದು. ಆದ್ರೆ ಇದರಲ್ಲಿದ್ದದ್ದು ಹೊಳೆಗಳ ನೀರಿನ ಹಳೇ ಅಳತೆಗಳು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

‘ಎಂಟಿ ಸ್ಟೇಟಸ್’ ಕೇಳಿದ್ರೆ ಡ್ರೈವ್ ಆನ್‌ಲೈನ್. ‘ಡಿಡಿ’ ಕೊಟ್ಟು ಓದಿಸಿದ್ರೆ ಟೇಪ್ ಚೂರು ಓಡಿ, ಎರರ್. ಕೇಬಲ್ ಬದಲಾಯಿಸಿದೆ. ಟರ್ಮಿನೇಟರ್ ಬದಲಾಯಿಸಿದೆ. ಸೆಟ್ಟಿಂಗ್ ತಿದ್ದಿದೆ. ಪ್ರತಿ ಸಲ ರಿವೈಂಡ್, ಮತ್ತೆ ಓದಿಸೋದು. ಎರಡು ದಿನದಲ್ಲಿ ಹದಿನೈದು ಸಲ ಆಗಿರಬಹುದು.

ಕೊನೆಗೆ ಅಲ್ಲೇ ಆಪರೇಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರನ್ನು ಕರೆಸಿದರು. ಅವರು ಸ್ಕ್ರೀನ್ ಕಡೆ ನೋಡ್ಲೇ ಇಲ್ಲ.

“ಮೊದಲು ಹೆಡ್ ಒರೆಸಿದ್ಯೇನಪ್ಪಾ?”

“ಇಲ್ಲ ಸರ್.”

“ರಿಂಗ್ ತೆಗ್ದಿದ್ಯಾ?”

ಅದೂ ಇಲ್ಲ. ರೀಲಿನ ಹಿಂಬದಿಯ ತೋಡಿನಲ್ಲಿ ಕೂರೋ ಪ್ಲಾಸ್ಟಿಕ್ ಉಂಗುರ ಅದು. ಅದಿದ್ರೆ ಮಾತ್ರ ಡ್ರೈವ್ ಟೇಪಿನ ಮೇಲೆ ಬರೆಯುತ್ತೆ. ಅಂದ್ರೆ, ನಾನು ಒಂದೇ ಒಂದು ತಪ್ಪು ಕಮಾಂಡ್ ಕೊಟ್ಟಿದ್ರೂ ಇದ್ದ ಡೇಟಾ ಮೇಲೆ ಬರೆದುಬಿಡ್ತಿತ್ತು.

ಮುಚ್ಚಳ ತೆಗೆದ್ರೆ ಹೆಡ್ ಮೇಲೆ ಕಂದು ಪುಡಿ. “ಇದು ಧೂಳಲ್ಲ, ನಿನ್ನ ಡೇಟಾ” ಅಂದ್ರು. ಹಳೇ ಟೇಪಿನ ಅಂಟು ತೇವ ಹೀರಿ ಸಡಿಲವಾಗಿರುತ್ತೆ. ಓಡಿಸಿದಷ್ಟೂ ಆಕ್ಸೈಡ್ ಉದುರುತ್ತೆ. ಚಿಕ್ಕವನಿದ್ದಾಗ ಟೇಪ್ ರೆಕಾರ್ಡರ್‌ನಲ್ಲಿ ಹಾಡು ಮಂಕಾದ್ರೆ ಅಪ್ಪ ಹತ್ತಿಯಿಂದ ಹೆಡ್ ಒರೆಸ್ತಿದ್ರು. ಎರಡು ದಿನ ಅದು ನನ್ನ ನೆನಪಿಗೇ ಬಂದಿರ್ಲಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ ತಂದು ಒರೆಸಿ, ಒಣಗೋವರೆಗೂ ಕಾದೆವು.

ಆಮೇಲೂ ಎರರ್ ಬಂತು. ಈ ಸಲ ತಪ್ಪು ಪೂರ್ತಿ ನಂದೇ. ಬ್ಲಾಕ್ ಸೈಜ್ ಹೇಳದಿದ್ರೆ ಡಿಡಿ 512 ಬೈಟ್ ಅಂದ್ಕೊಳ್ಳುತ್ತೆ. ಟೇಪಿನ ಬ್ಲಾಕುಗಳು 10240 ಬೈಟಿನವು. ಲೋಟ ಹಿಡಿದು ಕೊಡ ನೀರು ಕೇಳಿದ ಹಾಗೆ. ಸೈಜ್ 64ಕೆ ಮಾಡಿ, ಓದೋಕಾಗದ ಕಡೆ ದಾಟಿ ಹೋಗು ಅಂತ ಹೇಳಿದ ಮೇಲೆ ರೀಲ್ ಕೊನೇವರೆಗೂ ಸುತ್ತಿತು.

ಅಳತೆಗಳು ಸಿಕ್ಕಿದವು, ಶುರುವಿನ ಕೆಲವು ಬ್ಲಾಕ್ ಬಿಟ್ಟು. ನಾನು ಹದಿನೈದು ಸಲ ಉಜ್ಜಿದ ಜಾಗ ಅದೇ. ಮೊದಲೇ ಹಾಳಾಗಿತ್ತೋ, ನನ್ನಿಂದ ಆಯ್ತೋ, ಇನ್ನು ತಿಳಿಯೋ ಹಾಗಿಲ್ಲ. ಹಿರಿಯರು ಏನೂ ಅನ್ನಲಿಲ್ಲ.

ಈಗ ನನ್ನ ನೋಟ್ಸ್‌ನ ಮೊದಲ ಸಾಲುಗಳು ಇವು: ರಿಂಗ್ ತೆಗಿ. ಹೆಡ್ ಒರೆಸು. ಆಮೇಲೆ ಕೀಬೋರ್ಡ್ ಮುಟ್ಟು.