ಅಂಕೆಗಳಿಗೂ ಬೆಳಕು ಬೇಕು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಒಂದು ಅಂಕೆಗೆ ಎಷ್ಟು ಬೆಲೆಯೆಂಬುದನ್ನು ತುರ್ವಿಹಾಳದ ಯಾವ ರೈತನಾದರೂ ಹೇಳಬಲ್ಲನು. ಕಾಲುವೆಯಲ್ಲಿ ನೀರು ಎಷ್ಟು ಅಡಿಯಿತ್ತು, ಎಷ್ಟು ಹೊತ್ತು ಆ ಮಟ್ಟದಲ್ಲಿ ನಿಂತಿತ್ತು ಎಂಬುದರ ಮೇಲೆ ಕೊನೆಭಾಗದ ಗದ್ದೆಯ ಭಾಗ್ಯವು ನಿಂತಿದೆ. ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನಡೆಯುವ ವಾದವು ಕಟ್ಟಕಡೆಗೆ ಗೇಜಿನ ಅಂಕೆಗೇ ಬಂದು ಮುಟ್ಟುತ್ತದೆ.

ಕ್ಯಾಮೆರಾಗಳು ಅಗ್ಗವಾಗಿರುವ ಈ ಕಾಲದಲ್ಲಿ, ನೀರಿನ ಮಟ್ಟವನ್ನು ತೋರಿಸುವ ಉಪಕರಣದ ಎದುರಿಗೆ ಒಂದು ಕ್ಯಾಮೆರಾವನ್ನಿಟ್ಟು, ದೂರದಲ್ಲಿ ಕುಳಿತೇ ಅಂಕೆಗಳನ್ನು ಓದಬಹುದೆಂಬ ಸಲಹೆ ಸಹಜವಾದುದು. ಸಲಹೆಯನ್ನು ನಾವು ಒಪ್ಪುತ್ತೇವೆ. ಆದರೆ ಮೊದಲು ದೀಪವನ್ನು ಗೊತ್ತುಮಾಡಿ ಅನಂತರ ಕ್ಯಾಮೆರಾವನ್ನು ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಕಾರಣವನ್ನು ನೋಡೋಣ. ಇಂತಹ ಉಪಕರಣಗಳಲ್ಲಿ ಅನೇಕವು ದ್ರವಸ್ಫಟಿಕದ ಫಲಕದ ಮೇಲೆ ಅಂಕೆಗಳನ್ನು ತೋರಿಸುತ್ತವೆ. ದ್ರವಸ್ಫಟಿಕವನ್ನು 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಸರ್ ಗುರುತಿಸಿದನು. ತಟ್ಟೆಯಾಕಾರದ ಅಣುಗಳಿಂದಾದ ಅದರ ಹೊಸದೊಂದು ಬಗೆಯನ್ನು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಶಿವರಾಮಕೃಷ್ಣ ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದರು. ಈ ಫಲಕದ ಅಂಕೆಗಳಿಗೆ ಸ್ವಂತ ಬೆಳಕಿಲ್ಲ. ಎರಡು ಧ್ರುವಕ ಹಾಳೆಗಳ ನಡುವೆ ಇರುವ ದ್ರವಸ್ಫಟಿಕವು ಹೊರಗಿನ ಬೆಳಕನ್ನು ಕೆಲವೆಡೆ ಸಾಗಗೊಟ್ಟು ಕೆಲವೆಡೆ ತಡೆಯುವುದರಿಂದಲೇ ಅಂಕೆಗಳು ಮೂಡುತ್ತವೆ.

ಹಾಗಾದರೆ ಕ್ಯಾಮೆರಾದ ಪಕ್ಕದಲ್ಲೇ ಒಂದು ದೀಪವನ್ನಿಟ್ಟರೆ ಸಾಲದೆ? ಸಾಲದು. ಫಲಕದ ಮುಂದಿನ ಗಾಜು ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದಲೂ ಸುಮಾರು ಶೇಕಡ 4ರಷ್ಟನ್ನು ಹಿಂದಿರುಗಿಸುತ್ತದೆ. ದೀಪದ ಪ್ರತಿಬಿಂಬವು ಅಂಕೆಯ ಮೇಲೆಯೇ ಕುಳಿತು ಒಂದು ಗೆರೆಯನ್ನು ಮುಚ್ಚಿತೆನ್ನಿ. ಏಳು ಗೆರೆಗಳ 8ರಲ್ಲಿ ನಡುವಿನ ಗೆರೆ ಮರೆಯಾದರೆ ಅದು 0 ಆಗುತ್ತದೆ. ಬಲಗಡೆಯ ಮೇಲಿನ ಗೆರೆ ಮರೆಯಾದರೆ 6. ಎಡಗಡೆಯ ಕೆಳಗಿನದು ಮರೆಯಾದರೆ 9. ಏನೂ ಕಾಣದಿದ್ದರೆ ಓದುವವನು ಎಚ್ಚರಗೊಳ್ಳುತ್ತಾನೆ. ತಪ್ಪು ಅಂಕೆ ಕಂಡರೆ ನಂಬಿಬಿಡುತ್ತಾನೆ. ಆದುದರಿಂದ ಕ್ಯಾಮೆರಾ ಎದುರಿಗಿರಲಿ, ದೀಪವು ಪಕ್ಕದಿಂದ ಸುಮಾರು 45 ಡಿಗ್ರಿ ಓರೆಯಾಗಿರಲಿ, ಅದರ ಮುಂದೆ ಹಾಲುಗಾಜಿನ ಮರೆಯಿರಲಿ. ಪ್ರತಿಫಲನದ ನಿಯಮವನ್ನು ಕಲಿತ ಯಾವ ವಿದ್ಯಾರ್ಥಿಯೂ ಇದನ್ನು ಗೆರೆ ಎಳೆದು ತೋರಿಸಬಲ್ಲನು. ಹಗಲಿನ ಬಿಸಿಲಿಗೆ ಮೇಲೊಂದು ಸೂರು ಅಗತ್ಯ. ಅತಿಯಾಗಿ ಕಾದರೆ ದ್ರವಸ್ಫಟಿಕವು ತನ್ನ ಗುಣವನ್ನೇ ಕಳೆದುಕೊಂಡು ಅಂಕೆಗಳು ಅಳಿಸಿಹೋಗುತ್ತವೆ.

ರಾತ್ರಿಯ ಕಥೆ ಬೇರೆ. ಕತ್ತಲಲ್ಲಿ ಕಾಣುವ ಕ್ಯಾಮೆರಾಗಳು ಅವರಕ್ತ ಕಿರಣಗಳನ್ನು ಬೀರಿ ನೋಡುತ್ತವೆ. ಆದರೆ ಸಾಮಾನ್ಯ ಧ್ರುವಕ ಹಾಳೆಯು ಈ ಕಿರಣಗಳನ್ನು ಹೆಚ್ಚಾಗಿ ತಡೆಯದೆ ಬಿಟ್ಟುಬಿಡುತ್ತದೆ. ಪೆಟ್ಟಿಗೆ ಕಾಣುತ್ತದೆ, ಗಾಜು ಕಾಣುತ್ತದೆ, ಅಂಕೆಗಳು ಮಾತ್ರ ಮಸುಕಾಗುತ್ತವೆ! ಬಿಳಿಯ ದೀಪವನ್ನು ಹಚ್ಚಿದರೆ ಗದ್ದೆಯ ಹುಳುಗಳೆಲ್ಲ ಬಂದು ಗಾಜನ್ನು ಮುತ್ತುತ್ತವೆ. ಕಣ್ಣಿಗೆ ಕಾಣುವ ಮಂದವಾದ ಕೆಂಪು ದೀಪವೇ ಇಲ್ಲಿ ಮೇಲು: ಧ್ರುವಕ ಹಾಳೆ ಅದನ್ನು ತಡೆಯಬಲ್ಲದು, ಬಹುಪಾಲು ಕೀಟಗಳಿಗೆ ಅದು ಅಷ್ಟಾಗಿ ಗೋಚರವಾಗದು. ಈ ದೀಪ ಬ್ಯಾಟರಿಯಿಂದ ಉರಿಯಲಿ. 50 ಆವರ್ತಗಳ ವಿದ್ಯುತ್ತಿನಲ್ಲಿ ಉರಿಯುವ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗಿ, ಚಿತ್ರದಲ್ಲಿ ಕಪ್ಪು ಪಟ್ಟಿಗಳನ್ನು ಮೂಡಿಸುವುದುಂಟು.

ತಾನಾಗಿ ಬೆಳಗುವ ಅಂಕೆಗಳಿದ್ದರೆ ನಿಯಮವೇ ತಿರುವುಮುರುವು. ಅಲ್ಲಿ ಹೊರಗಿನ ಬೆಳಕು ಹೆಚ್ಚಿದಷ್ಟೂ ಅಂಕೆ ಮಸುಕಾಗುತ್ತದೆ. ಅಲ್ಲಿ ಬೇಕಾದುದು ನೆರಳು.

ತಂತಿಯ ಮೂಲಕವೇ ಅಂಕೆಯನ್ನು ಕಳುಹಿಸಬಹುದಲ್ಲ, ಕ್ಯಾಮೆರಾ ಏಕೆ ಎಂದು ಕೆಲವರು ಕೇಳಬಹುದು. ಅದು ಸಾಧ್ಯವಾದೆಡೆ ಅಗತ್ಯವಾಗಿ ಮಾಡಲಿ. ಆದರೂ ಚಿತ್ರಕ್ಕೆ ಒಂದು ವಿಶೇಷ ಗುಣವಿದೆ. ತಂತಿಯಲ್ಲಿ ಬಂದ ಅಂಕೆಯನ್ನು ಕಚೇರಿ ಮಾತ್ರ ಬಲ್ಲದು. ಚಿತ್ರದಲ್ಲಿರುವುದು ಕಾಲುವೆಯ ದಡದಲ್ಲಿ ನಿಂತ ರೈತನಿಗೂ ಕಾಣುವಂಥದು. ಇಬ್ಬರೂ ಒಂದೇ ಅಂಕೆಯನ್ನು ನೋಡಿದಾಗ ಸಂಶಯಕ್ಕೆ ಎಡೆ ಕಡಮೆ.

ನಮ್ಮ ಯುವಕರು ದೊಡ್ಡ ಯಂತ್ರಗಳ ಕನಸು ಕಾಣಲಿ, ಸಂತೋಷ. ಅದರ ಜೊತೆಗೆ, ಒಂದು ಪುಟ್ಟ ದೀಪವನ್ನು ಯಾವ ಕೋನದಲ್ಲಿ, ಯಾವ ಬಣ್ಣದಲ್ಲಿ ಇಡಬೇಕೆಂದು ಯೋಚಿಸುವುದೂ ಭೌತಶಾಸ್ತ್ರವೇ ಎಂಬುದನ್ನು ಮರೆಯದಿರಲಿ. ನೀರು ಹಂಚುವ ಊರಿನಲ್ಲಿ 8ನ್ನು 8 ಎಂದೇ ತೋರಿಸುವ ದೀಪವು ನ್ಯಾಯದ ಕೆಲಸವನ್ನೇ ಮಾಡುತ್ತದೆ.