ಮಂಡ್ಯದವರಿಗೆ ರಾಜಕೀಯ ಪ್ರಜ್ಞೆ ಜಾಸ್ತಿಯಂತೆ!

ಅಣ್ಣತಮ್ಮಂದಿರೆ, ಕೂಳೆ ಕಬ್ಬಿನ ತರಗು ಸುಡದೆ ಸಾಲಿಗೆ ಹೊದಿಸೋ ಬಗ್ಗೆ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಬಹಳ ದಿನದಿಂದ ಹೊಟ್ಟೆಯಲ್ಲಿ ಇಟ್ಕೊಂಡಿದ್ದ ಮಾತು ಒಂದಿದೆ, ಅದನ್ನ ಇವತ್ತು ಹೇಳಿಬಿಡ್ತೀನಿ.

ಎಲೆಕ್ಷನ್ ಬಂತು ಅಂದ್ರೆ ಬೆಂಗಳೂರಿನ ಟಿವಿಯವರು ಮೈಕು ಹಿಡ್ಕೊಂಡು ನಮ್ಮ ಅರಳಿಕಟ್ಟೆಗೆ ಬತ್ತಾರೆ. ಬಂದೋರು ಆಡೋ ಮೊದಲನೇ ಮಾತು, ಮಂಡ್ಯದ ಜನಕ್ಕೆ ರಾಜಕೀಯ ಪ್ರಜ್ಞೆ ಜಾಸ್ತಿ. ಅದನ್ನ ಕೇಳಿ ನಾವು ಮೀಸೆ ತಿರುವ್ತೀವಿ. ಇಂಡಿಯಾ ಅಂದ್ರೆ ಮಂಡ್ಯ ಅಂತ ನಮ್ಮದೂ ಒಂದು ಮಾತು ಸೇರಿಸ್ತೀವಿ. ನಾನು ಹೇಳೋದು ಇಷ್ಟೆ: ನಮಗಿರೋದು ಎಲೆಕ್ಷನ್ ಹುಚ್ಚು. ಪ್ರಜ್ಞೆ ಅನ್ನೋದು ಬೇರೆ ಪದಾರ್ಥ. ಬಯ್ಯೋರು ಬಯ್ರಿ, ಆದರೆ ಪೂರ್ತಿ ಓದಿ ಬಯ್ರಿ.

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಜಿಲ್ಲಾ ಪಂಚಾಯ್ತಿ ಮೆಂಬರ್ ಯಾರು? ಯೋಚನೆ ಮಾಡಬೇಡಿ, ಯಾರೂ ಇಲ್ಲ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ನಾವು ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವರ ಅವಧಿ 2021ಕ್ಕೆ ಮುಗೀತು. 2025 ಮುಗೀತಾ ಬಂದಾಗಲೂ ಚುನಾವಣೆ ಆಗಿರಲಿಲ್ಲ. ಅವಧಿ ಮುಗಿದಾಗ ಬಿಜೆಪಿ ಸರ್ಕಾರ ಇತ್ತು, ಆಮೇಲೆ ಕಾಂಗ್ರೆಸ್ ಸರ್ಕಾರ ಬಂತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಹೊತ್ತು ಕಳೀತಾ ಇದೆ. ನಾಲ್ಕು ವರ್ಷದ ಮೇಲಾಯ್ತು, ಅಧಿಕಾರಿಗಳದ್ದೇ ಆಡಳಿತ. ಗ್ರಾಮ ಪಂಚಾಯ್ತಿಗೆ ಓಟು ಹಾಕಿದ್ದು 2020ರ ಡಿಸೆಂಬರ್‌ನಲ್ಲಿ, 2025ರ ಕೊನೆಗೆ ಅದರ ಐದು ವರ್ಷವೂ ಮುಗೀತಾ ಬಂತು. ಇಷ್ಟು ಪ್ರಜ್ಞೆ ಇರೋ ಜಿಲ್ಲೆಯಲ್ಲಿ ಇದಕ್ಕೊಂದು ಬಂದ್ ಆಯ್ತಾ? ಹೆದ್ದಾರಿಯಲ್ಲಿ ಒಂದು ಟೈರು ಸುಟ್ಟಿದ್ದು ನೋಡಿದ್ರಾ? ನಮ್ಮ ಓಟಿನ ಹಕ್ಕನ್ನೇ ಎತ್ತಿ ಅಟ್ಟದ ಮೇಲೆ ಇಟ್ಟವ್ರೆ, ನಾವು ಟೀ ಅಂಗಡಿಯಲ್ಲಿ ಕೂತು ಮುಂದಿನ ಮುಖ್ಯಮಂತ್ರಿ ಯಾರು ಅಂತ ಬಾಜಿ ಕಟ್ತಾ ಇದೀವಿ.

ಅದೇ 2019ರ ಲೋಕಸಭೆ ಎಲೆಕ್ಷನ್ ನೆನಪು ಮಾಡ್ಕೊಳಿ. ಒಂದು ಕಡೆ ನಿಖಿಲ್, ಇನ್ನೊಂದು ಕಡೆ ಸುಮಲತಾ, ಅವರ ಜೊತೆಗೆ ಜೋಡೆತ್ತು. ಇಡೀ ದೇಶ ನಮ್ಮನ್ನೇ ನೋಡ್ತಿತ್ತು. ಎಷ್ಟೋ ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ರು. ಒಂದೂಕಾಲು ಲಕ್ಷದ ಲೀಡು ಅಂತ ಕೆಲವರು ಪಟಾಕಿ ಹೊಡೆದ್ರು, ಕೆಲವರು ಊಟ ಬಿಟ್ರು. ಗೆದ್ದೋರನ್ನ ನಾನು ಬಯ್ಯಲ್ಲ, ಸೋತೋರನ್ನೂ ಬಯ್ಯಲ್ಲ. ಆ ಎರಡು ತಿಂಗಳಲ್ಲಿ ಒಬ್ಬ ರೈತನಾದರೂ ಯಾರದಾದರೂ ತೆರೆದ ಜೀಪಿನ ಮುಂದೆ ನಿಂತು, ನಮ್ಮ ವಿತರಣಾ ನಾಲೆಗೆ ಹೂಳು ತುಂಬಿ ಇಷ್ಟು ವರ್ಷ ಆಯ್ತು ಅಂತ ಕೇಳಿದ್ನಾ? ನಾನಂತೂ ನೋಡಲಿಲ್ಲ. ಸೆಲ್ಫಿ ತೆಗೆಸ್ಕೊಂಡೋರನ್ನ ಬೇಕಾದಷ್ಟು ನೋಡಿದೆ.

ಈಗ ನೀರಿನ ಮಾತಿಗೆ ಬತ್ತೀನಿ. 2018ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಐಕ್ಳಿಗೂ ಬಾಯಿಪಾಠ. ಕರ್ನಾಟಕಕ್ಕೆ 284.75 ಟಿಎಂಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ್ದು 177.25 ಟಿಎಂಸಿ. ಒಳ್ಳೇದು, ಗೊತ್ತಿರಬೇಕು. ಆದರೆ ನಿಮ್ಮ ತೂಬಿಗೆ ಬರಬೇಕಾದ ನೀರು ಎಷ್ಟು, ಒಂದು ಕಟ್ಟಿಗೆ ಎಷ್ಟು ದಿನ, ನಿಮ್ಮ ತೂಬಿನ ಅಚ್ಚುಕಟ್ಟು ಎಷ್ಟು ಎಕರೆ? ಇದನ್ನ ಹೇಳೋರು ಹತ್ತು ಜನದಲ್ಲಿ ಒಬ್ಬ ಸಿಕ್ಕಿದ್ರೆ ಹೆಚ್ಚು.

2023ರಲ್ಲಿ ಮಳೆ ಕೈಕೊಟ್ಟಿತ್ತು, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಮಾಡಿದೋ, ಅದು ನ್ಯಾಯವೇ. ಆದರೆ 2025ರಲ್ಲಿ? ಕನ್ನಂಬಾಡಿ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿತು, 124.80 ಅಡಿ. ಜೂನ್‌ನಲ್ಲಿ ತುಂಬಿದ್ದು ಇದೇ ಮೊದಲು ಅಂತ ಪೇಪರ್‌ನೋರೆಲ್ಲ ಬರೆದ್ರು. ಕಟ್ಟೆ ತುಂಬಿದ ವರ್ಷದಲ್ಲೂ ನಮ್ಮ ತೂಬಿನ ಕೊನೇ ಗದ್ದೆಗಳಿಗೆ ಒಟ್ಲು ಬಿಡೋ ಹೊತ್ತಿಗೆ ಸರಿಯಾಗಿ ನೀರು ಹತ್ತಲಿಲ್ಲ. ಆ ಸಾರಿ ನೀರು ತಮಿಳುನಾಡಿಗೆ ಹೋಯ್ತು ಅನ್ನೋಕಾಗುತ್ತಾ? ಆ ನೀರನ್ನ ತಿಂದೋರು ನಮ್ಮೋರೇ. ರಾತ್ರಿ ಹೊತ್ತು ನಾಲೆಗೆ ಮೋಟ್ರು ಇಳಿಬಿಟ್ಟು, ನಾಲೆ ಏರಿ ಕೆಳಗೆ ಪೈಪ್ ತೂರಿಸಿ ಎತ್ತೋರು. ಅಚ್ಚುಕಟ್ಟಿಗೇ ಸೇರದ ಜಮೀನಿಗೆ ಅಡಿಕೆ ಇಟ್ಟು ನೀರು ಹಾಯಿಸೋರು. ಸೌಡಿ ಕೇಳಿದ್ರೆ ಲೀಡರ ಹೆಸರು ಹೇಳಿ ಹೆದರಿಸೋರು. ಹಂಗೆ ಕದಿಯೋರನ್ನ ಹಿಡಿಯೋಕೆ ಅಂತಲೇ 2024ರಲ್ಲಿ ನೀರಾವರಿ ಕಾಯ್ದೆ ತಿದ್ದುಪಡಿ ಮಾಡಿ ಜೈಲು, ದಂಡ ಎರಡೂ ಜಾಸ್ತಿ ಮಾಡವ್ರೆ. ಕಾಯ್ದೆ ಪುಸ್ತಕದಲ್ಲಿದೆ, ಮೋಟ್ರು ನಾಲೆಯಲ್ಲಿದೆ.

ಸತ್ಯ ಹೇಳ್ತೀನಿ, ತಮಿಳುನಾಡಿನ ವಿರುದ್ಧ ಕೂಗೋದು ನಮಗೆ ಸುಲಭ. ಸೇಲಂನೋನು ನಾಳೆ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದು ಜಗಳಕ್ಕೆ ನಿಲ್ಲಲ್ಲ. ಮೇಲಿನ ಗದ್ದೆಯೋನನ್ನ ಕೇಳೋಕೆ ಹೋದ್ರೆ ಅವನು ನಮ್ಮ ಸೋದರಮಾವನ ಮಗ, ಹಬ್ಬಕ್ಕೆ ಬರೋನು, ಒಂದೇ ಪಾರ್ಟಿಯೋನು ಬೇರೆ. ಅದಕ್ಕೇ ಬಾಯಿ ಬರಲ್ಲ. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ, ಮಂಡ್ಯ ತಾಲ್ಲೂಕು ಕಳೆದು, ಮದ್ದೂರು ಮಳವಳ್ಳಿಗೆ ಬರೋ ಹೊತ್ತಿಗೆ ಎಷ್ಟು ಜನ ಸೋದರಮಾವನ ಮಕ್ಕಳು ಇರ್ತಾರೋ ಲೆಕ್ಕ ಹಾಕಿ.

ಮಳವಳ್ಳಿಯೋರಿಗೆ ಇನ್ನೊಂದು ಮಾತು. ಬೆಂಗಳೂರಿಗೆ ಕುಡಿಯೋ ನೀರು ಹೋಗೋದು ನಿಮ್ಮ ತೊರೆಕಾಡನಹಳ್ಳಿಯಿಂದ. 2024ರ ಅಕ್ಟೋಬರ್ 16ಕ್ಕೆ ಅಲ್ಲೇ 5ನೇ ಹಂತ ಉದ್ಘಾಟನೆ ಆಯ್ತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ಎತ್ತೋ ಯೋಜನೆ. ಬೆಂಗಳೂರಿನೋರು ಕುಡೀಲಿ, ನಮ್ಮ ಮಕ್ಕಳೇ ಅಲ್ಲಿ ಬಾಡಿಗೆ ಮನೇಲವ್ರೆ. ಆದರೆ ನೀರು ಕೊಡೋ ತಾಲ್ಲೂಕಿಗೆ ಬದಲಿಗೆ ಏನು ಅಂತ ಆವತ್ತು ಆ ಶಾಮಿಯಾನದಲ್ಲಿ ಕೇಳಬೇಕಿತ್ತು.

ಕಬ್ಬಿನ ಮಾತು ಬೇಗ ಮುಗಿಸ್ತೀನಿ. 2025-26ಕ್ಕೆ ಎಫ್‌ಆರ್‌ಪಿ ಟನ್‌ಗೆ 3,550 ಅಂತ ಎಲ್ಲರೂ ಹೇಳ್ತಾರೆ. ಅದು ಸಕ್ಕರೆ ಇಳುವರಿ 10.25 ಇದ್ದರೆ ಮಾತ್ರ. 9.5 ಅಥವಾ ಅದಕ್ಕಿಂತ ಕಮ್ಮಿ ಇದ್ರೆ 3,290 ಚಿಲ್ಲರೆ, ಅದರಲ್ಲೇ ಕಟಾವು, ಸಾಗಣೆ ಕಳೀತಾರೆ. ನಿಮ್ಮ ಕಬ್ಬಿನ ಇಳುವರಿ ಎಷ್ಟು ಹಿಡಿದವ್ರೆ ಅಂತ ಎಂದಾದರೂ ಕೇಳಿದೀರಾ? ಕಬ್ಬು ಹಾಕಿದ 14 ದಿನಕ್ಕೆ ದುಡ್ಡು ಕೊಡಬೇಕು, ತಡವಾದ್ರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನನಗೆ ಒಂದು ವರ್ಷ ಐದು ತಿಂಗಳಾದ ಮೇಲೆ ದುಡ್ಡು ಬಂತು. ಬಡ್ಡಿ ಕೇಳಿ ಅರ್ಜಿ ಕೊಡೋಣ ಬನ್ನಿ ಅಂತ ಹದಿನಾರು ಜನರನ್ನ ಕರೆದೆ, ಇಬ್ಬರು ಬಂದ್ರು. ಮಿಕ್ಕೋರು ಮುಂದಿನ ಸಾರಿ ಕಟಾವಿಗೆ ಪರ್ಮಿಟ್ ಕೊಡದೆ ಸತಾಯಿಸ್ತಾರೆ ಅಂದ್ರು. ಭಯ ಸುಳ್ಳಲ್ಲ, ಒಪ್ಕೊತೀನಿ. ಆದರೆ ಬೆಳಗಾವಿ ಕಡೆ ರೈತರಿಗೆ ಪರ್ಮಿಟ್ ಭಯ ಇರಲಿಲ್ವಾ? 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ 3,500 ಕೊಡಿ ಅಂತ ರಸ್ತೆಯಲ್ಲೇ ಕೂತ್ರು. ಸ್ಟಾರ್ ಬರಲಿ ಅಂತ ಕಾಯಲಿಲ್ಲ. ಕೊನೆಗೆ ಸರ್ಕಾರ ಮಧ್ಯೆ ಬಂದು 3,300ಕ್ಕೆ ತೀರ್ಮಾನ ಮಾಡ್ತು. ಕೇಳಿದ್ದು ಪೂರ್ತಿ ಸಿಗಲಿಲ್ಲ, ಆದರೆ ಕೂತು ತಗೊಂಡ್ರು. ಅದಕ್ಕೆ ಅನ್ನಬೇಕು ಪ್ರಜ್ಞೆ ಅಂತ.

ನಮ್ಮ ಟೀ ಅಂಗಡಿಯ ಪ್ರಜ್ಞೆ ಯಾವ ಕಡೆಗೆ ಹರೀತದೆ ಗೊತ್ತಾ? ಹೆಂಗಸ್ರ ಫ್ರೀ ಬಸ್ ಮೇಲೆ. ಬಿಟ್ಟಿ ಭಾಗ್ಯ ಕೊಟ್ಟು ಹೆಂಗಸ್ರನ್ನ ಕೆಡಿಸಿಬಿಟ್ರು, ಊರೂರು ಸುತ್ತಾವ್ರೆ ಅಂತ. ಹಂಗೆ ಅನ್ನೋ ಪುಣ್ಯಾತ್ಮನ ತೋಟದಲ್ಲಿ 7.5 ಎಚ್‌ಪಿ ಮೋಟ್ರಿದೆ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಬಿಟ್ಟಿ, ಎಷ್ಟೋ ವರ್ಷದಿಂದ. ನಾನೂ ಅದನ್ನೇ ಉರಿಸ್ತಾ ಇದೀನಿ, ಬೇಕು, ಇಲ್ಲದಿದ್ರೆ ಬೇಸಾಯ ಇಲ್ಲ. ನಮ್ಮ ಬಿಟ್ಟಿ ಹಕ್ಕು, ಅವರ ಬಿಟ್ಟಿ ಸೋಂಬೇರಿತನವಾ? ನಮ್ಮೂರಿಂದ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಕ್ಕಳನ್ನ ಒಂದು ದಿನ ನಿಂತು ಎಣಿಸಿ. ಆ ಹೊತ್ತಿಗೆ ಅಂಗಡಿ ಬೆಂಚಿನ ಮೇಲೆ ಕೂತಿರೋ ಗಂಡಸ್ರನ್ನೂ ಎಣಿಸಿ.

ಹೆಣ್ಣುಮಕ್ಕಳ ಮಾತು ಬಂತು, ಇದನ್ನ ಹೇಳದೆ ಬಿಟ್ರೆ ನನಗೆ ನಿದ್ದೆ ಬರಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಕೆ.ಎಂ.ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಹೆಣ್ಣು ಸಿಗದ ರೈತರ ಮಕ್ಕಳು ಪಾದಯಾತ್ರೆ ಹೋದ್ರು. ಅದೇ ವರ್ಷದ ಕೊನೆಯಲ್ಲಿ, ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ನೋಡಿ ಹೇಳ್ತಿದ್ದ ದಂಧೆ ಬಯಲಾಯ್ತು. ಬೆಲ್ಲ ಮಾಡೋ ಜಾಗದಲ್ಲಿ! ಕಾವೇರಿಗೆ ಅಂಗಡಿ ಮುಚ್ಚಿಸ್ತೀವಿ. ಇದಕ್ಕೆ ಬೀದಿಗೆ ಬಂದೋರಲ್ಲಿ ನಮ್ಮ ಪ್ರಜ್ಞಾವಂತ ಗಂಡಸ್ರು ಎಷ್ಟು ಜನ ಇದ್ರು? ಹೆಣ್ಣು ಕೊಡ್ತಾ ಇಲ್ಲ ಅಂತ ಅಳ್ತೀವಲ್ಲ, ಹುಟ್ಟೋಕೆ ಬಿಟ್ಟಿದ್ರೆ ತಾನೆ ಕೊಡೋದು.

ರೈತನ ಕೈಲಿ ಏನಾಯ್ತದೆ ಬುಡಿ ಅನ್ನೋರು ಈಗ ಬತ್ತಾರೆ. ದೆಹಲಿ ನಮ್ಮ ಕೈಲಿಲ್ಲ ಅನ್ನೋದು ನಿಜ. ಆದರೆ ನೀರು ಬಳಕೆದಾರರ ಸಹಕಾರ ಸಂಘ ಅಂತ ಒಂದಿದೆ, ಗೊತ್ತಾ? ಇಪ್ಪತ್ತು ವರ್ಷದ ಮೇಲಾಯ್ತು ಅದಕ್ಕೆ ಕಾಯ್ದೆ ಆಗಿ. ತೂಬಿನ ನೀರು ಹಂಚೋ ಅಧಿಕಾರ ನಮ್ಮ ಕೈಗೇ ಬರೋ ಹಂಗೆ ಮಾಡಿದ ಸಂಘ. ನಮ್ಮ ಸಂಘದ ಕಳೆದ ಮಹಾಸಭೆಗೆ ಬಂದೋರು ಹನ್ನೊಂದು ಜನ, ಅದರಲ್ಲಿ ನಾಲ್ಕು ಜನ ಬಾಡೂಟ ಇರಬಹುದು ಅಂತ ಬಂದಿದ್ರು. ಅವತ್ತು ಇದ್ದದ್ದು ಕಾಫಿ, ಬಿಸ್ಕತ್ತು.

ಬೇಸಿಗೆ ಬೆಳೆಗೆ ನೀರು ಬಿಡೋ ತೀರ್ಮಾನ ಮಾಡೋಕೆ ನೀರಾವರಿ ಸಲಹಾ ಸಮಿತಿ ಸಭೆ ಸದ್ಯದಲ್ಲೇ ಸೇರಬೇಕು. ಕಟ್ಟು ಪದ್ಧತಿ ಅಂತ ಹೇಳಿ ಎದ್ದು ಹೋಗ್ತಾರೆ, ಕೊನೇ ಭಾಗಕ್ಕೆ ಮೊದಲು ನೀರು ಅನ್ನೋ ಮಾತು ನಾವು ಬರೆಸದಿದ್ರೆ ಯಾರೂ ಬರೆಯಲ್ಲ. ಮದ್ದೂರು, ಮಳವಳ್ಳಿ ಕೊನೇ ಭಾಗದೋರು ನಿಮ್ಮ ತೂಬಿನ ನಂಬರು, ಎಕರೆ, ಈ ಮುಂಗಾರಿನಲ್ಲಿ ಎಷ್ಟು ದಿನ ನೀರು ಬಂತು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಇಟ್ಕೊಳಿ. ಯಾವ ಪಾರ್ಟಿ ಅಂತ ಬರೆಯೋದು ಬೇಡ. ನಾನು ನಮ್ಮ ತೂಬಿನದ್ದು ಬರೆದಿದೀನಿ, 43 ಎಕರೆ, 22 ಸಹಿ ಆಗಿದೆ. ಮೇಲಿನ ಗದ್ದೆಯ ನಮ್ಮ ಮಾವನ ಮಗ ಇನ್ನೂ ಹಾಕಿಲ್ಲ. ಸೋಮವಾರ ಅವನ ಮನೆಗೇ ಹೋಗ್ತೀನಿ.